ಈಗ ಯಾರು ಕಾಗದ ಬರೀತಾರೆ? ರಾತ್ರಿ ಕೂತು ಏನು ವಿಂಗಡಿಸ್ತೀಯ?

ರಾತ್ರಿ ಪಾಳಿಯಲ್ಲಿ ಟಪಾಲು ವಿಂಗಡಿಸುವ ಕೆಲಸಕ್ಕೆ ಸೇರಿದ್ದೇನೆ ಅಂದರೆ ಸಾಕು, ಎಲ್ಲರ ಬಾಯಲ್ಲೂ ಇದೇ ಪ್ರಶ್ನೆ. ಚಿಕ್ಕಪ್ಪ ಕೇಳಿದರು, ಓಣಿಯ ಕಿರಾಣಿ ಅಂಗಡಿಯವರು ಕೇಳಿದರು. ವಾಟ್ಸಾಪ್ ಬಂದ ಮೇಲೂ ಅಂಚೆ ಚೀಲ ತುಂಬುತ್ತದೆ ಅಂದರೆ ಯಾರೂ ನಂಬುವುದಿಲ್ಲ.

ಮೊದಲು ಕೆಲಸ ಏನು ಅಂತ ಹೇಳಿಬಿಡ್ತೀನಿ. ಹುಬ್ಬಳ್ಳಿಯ ಆರ್‌ಎಂಎಸ್, ಅಂದರೆ ರೈಲ್ವೆ ಮೇಲ್ ಸರ್ವಿಸ್. ಹೆಸರಲ್ಲಿ ರೈಲ್ವೆ ಇದ್ದರೂ ಇದು ಅಂಚೆ ಇಲಾಖೆಯದ್ದು. ನಾನು ಅಲ್ಲಿ ಡಾಕ್ ಸೇವಕ. ಹತ್ತನೇ ತರಗತಿಯ ಅಂಕ ನೋಡಿ ತಗೊಳ್ತಾರೆ, ಪರೀಕ್ಷೆ ಇಲ್ಲ. ದಿನಕ್ಕೆ ನಾಲ್ಕೈದು ತಾಸಿನ ಕೆಲಸ.

ಹೌದು, "ಕ್ಷೇಮ, ಕ್ಷೇಮಕ್ಕೆ ಬರೆಯಿರಿ" ಅನ್ನುವ ಕಾಗದಗಳು ಬಹಳ ಕಡಿಮೆ. 50 ಪೈಸೆಯ ಪೋಸ್ಟ್ ಕಾರ್ಡ್ ಯಾವಾಗಲೋ ಒಂದು ಕಣ್ಣಿಗೆ ಬೀಳುತ್ತದೆ. ಆದರೆ ಪಾಸ್‌ಪೋರ್ಟ್ ಮನೆಗೆ ಹೇಗೆ ಬರುತ್ತೆ ಹೇಳಿ? ಸ್ಪೀಡ್ ಪೋಸ್ಟಿನಲ್ಲೇ ಅಲ್ವಾ? ಆಧಾರ್, ಎಟಿಎಂ ಕಾರ್ಡ್, ವಿಮೆಯ ನೋಟಿಸು, ಮಠಗಳ ಮಾಸಪತ್ರಿಕೆ, ದೇವಸ್ಥಾನದ ಪ್ರಸಾದದ ಕವರು, ಎಲ್ಲ ಇದೇ ಚೀಲದಲ್ಲಿ. ಕೋರ್ಟ್, ಬ್ಯಾಂಕಿನ ಕಾಗದಗಳು ಹಿಂದೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರುತ್ತಿದ್ದವು. 2025ರಲ್ಲಿ ಅದನ್ನೂ ಸ್ಪೀಡ್ ಪೋಸ್ಟಿಗೆ ಸೇರಿಸಿದ್ದಾರೆ. ಶ್ರಾವಣದಲ್ಲಂತೂ ರಾಖಿ ಕವರುಗಳದ್ದೇ ರಾಶಿ. ಅದರಲ್ಲಿ ಸೈನಿಕರಿಗೆ ಹೋಗುವವುಗಳ ಮೇಲೆ ಊರಿನ ಹೆಸರೇ ಇರುವುದಿಲ್ಲ. ಹೆಸರು, ನಂಬರು, ಘಟಕ, ಆಮೇಲೆ 56 ಎಪಿಒ ಅಥವಾ 99 ಎಪಿಒ. ಎಪಿಒ ಅಂದರೆ ಸೇನೆಯ ಅಂಚೆ ಕಚೇರಿ. ಪಿನ್ 9ರಿಂದ ಶುರು.

ಚೀಲದ ಸೀಲು ಕತ್ತರಿಸಿ ಮೇಜಿನ ಮೇಲೆ ಸುರಿಯುತ್ತೇವೆ. ಸುರಿದಾದ ಮೇಲೆ ಚೀಲದ ಒಳಮೈ ತಿರುವಿ ನೋಡಲೇಬೇಕು. ಹೊಲಿಗೆಯ ಮೂಲೆಯಲ್ಲಿ ಒಂದು ತೆಳು ಕವರು ಅಂಟಿಕೊಂಡಿದ್ದರೆ, ಅದು ಯಾರದೋ ಕೆಲಸದ ಆದೇಶ ಇರಬಹುದು. ಆಮೇಲೆ ಗೂಡುಗಳ ಮುಂದೆ ನಿಂತು ಹಂಚುವುದು. ಇಲ್ಲಿ ಕಣ್ಣು ಮೊದಲು ಹೋಗುವುದು ಪಿನ್ ಕೋಡಿಗೆ. ಮೊದಲ ಮೂರು ಅಂಕಿ 110 ಇದ್ದರೆ ದೆಹಲಿ, 400 ಮುಂಬೈ, 600 ಚೆನ್ನೈ. ನಮ್ಮ ಕಡೆ 580 ಹುಬ್ಬಳ್ಳಿ-ಧಾರವಾಡ, 582 ಗದಗ, 586 ವಿಜಯಪುರ. 577 ಮಾತ್ರ ತಲೆ ತಿನ್ನುತ್ತದೆ. ಶಿವಮೊಗ್ಗ, ದಾವಣಗೆರೆ, ಚಿಕ್ಕಮಗಳೂರು, ಚಿತ್ರದುರ್ಗ ನಾಲ್ಕೂ ಅದರಲ್ಲೇ. ಮುಂದಿನ ಮೂರು ಅಂಕಿ ನೋಡದೆ ಕೈ ಹಾಕುವಂತಿಲ್ಲ.

ಈ ಆರಂಕಿಯ ಪದ್ಧತಿ ಬಂದದ್ದು 1972ರ ಆಗಸ್ಟ್ 15ರಂದು. ಮಾಡಿದವರು ಅಂಚೆ ಇಲಾಖೆಯ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್. ಅವರು ಸಂಸ್ಕೃತ ಕವಿ ಕೂಡ. ನನ್ನ ಪ್ರಕಾರ ಇಲಾಖೆಯಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಯಾರೂ ಮಾಡಿಲ್ಲ. ಹೊಸಹಳ್ಳಿ, ರಾಮಪುರ ಅನ್ನುವ ಊರು ಇಲ್ಲದ ಜಿಲ್ಲೆ ಹುಡುಕಿ ನೋಡಿ! ಬರೀ "ಹೊಸಹಳ್ಳಿ, ಬಸ್ ಸ್ಟ್ಯಾಂಡ್ ಎದುರು" ಅಂತ ಬರೆದರೆ ನಾವು ಯಾವ ಬಸ್ ಸ್ಟ್ಯಾಂಡ್ ಅಂತ ತಿಳ್ಕೋಬೇಕು?

ಜನ ಎರಡು ಅಂಕಿ ಅದಲುಬದಲು ಬರೆಯುವುದೂ ಜಾಸ್ತಿ. ಮೈಸೂರಿನ 570 ಹೋಗಿ 507 ಆದರೆ ಅದು ತೆಲಂಗಾಣದ ಖಮ್ಮಂ. ನಮ್ಮ 580 ತಿರುಗಿದರೆ 508, ನಲ್ಗೊಂಡ. ಊರಿನ ಹೆಸರು ಬಿಡಿಸಿ ಬರೆದಿದ್ದರೆ ಹಿಡಿಯುತ್ತೇವೆ. ಗೀಚಿದ್ದರೆ ಕಾಗದ ಸುಮ್ನೆ ಊರೂರು ಸುತ್ತುತ್ತದೆ.

ನಿದ್ದೆ ಗತಿ ಏನು ಅಂತಲೂ ಕೇಳ್ತಾರೆ. ಪಾಳಿ ಮುಗಿಯುವ ಹೊತ್ತಿಗೆ ಬಸ್ ಇರುವುದಿಲ್ಲ, ಬೈಕ್ ಬೇಕೇ ಬೇಕು. ಮನೆಗೆ ಬಂದು ಕೈಕಾಲು ತೊಳೆದು ಮಲಗಿದರೆ ಒಂಬತ್ತಕ್ಕೆ ಏಳುತ್ತೇನೆ. ಅವ್ವನಿಗೆ ಮಾತ್ರ ಬಿಸಿಲು ಬಂದ ಮೇಲೆ ಮಲಗಿರುವವರನ್ನು ನೋಡಿದರೆ ಇಂದಿಗೂ ಆಗದು.

ಇನ್ನು, "ನಾನೂ ಅರ್ಜಿ ಹಾಕಲಾ?" ಅನ್ನುವವರಿಗೆ: ತಿಂಗಳ ಭತ್ಯೆ 10,000 ರೂಪಾಯಿಯಿಂದ ಶುರು, ಮೇಲೆ ತುಟ್ಟಿಭತ್ಯೆ. ಹಗಲು ಓದಿಕೊಂಡು ಬೇರೆ ಪರೀಕ್ಷೆಗೆ ತಯಾರಿ ನಡೆಸುವವರಿಗೆ ಒಳ್ಳೆಯದು. ಇದೊಂದನ್ನೇ ನಂಬಿ ಸಂಸಾರ ನಡೆಸಬೇಕಾದವರು ಎರಡು ಸಲ ಯೋಚಿಸಿ. ಧೂಳಿಗೆ ಸೀನು ಬರುವವರು ಮೂರು ಸಲ.