ಅತಿಥಿಯ ಬಸ್ ಟಿಕೆಟ್

ನಾನು ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿ ಕ್ಷೇಮಪಾಲನಾ ವಿಭಾಗದಲ್ಲಿ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕ. ಹುಡುಗರ ಸಂಘಗಳು ಯಾರನ್ನಾದರೂ ಮಾತಿಗೆ ಕರೆಸಬೇಕೆಂದರೆ ಫೈಲ್ ನನ್ನ ಟೇಬಲ್ ದಾಟಿಯೇ ಹೋಗಬೇಕು. ಹಾಲ್, ಗೆಸ್ಟ್ ಹೌಸ್ ರೂಮು, ಗೌರವಧನ, ಟಿಎ (ಪ್ರಯಾಣ ಭತ್ಯೆ) ಬಿಲ್ಲು, ಎಲ್ಲಾ. ವಂದನಾರ್ಪಣೆಯಲ್ಲಿ ‘ಬೋಧಕೇತರ ಸಿಬ್ಬಂದಿಗೂ’ ಅಂತ ಒಂದು ಮಾತು ಬಂದರೆ ಅದರಲ್ಲಿ ನಾನೂ ಇದ್ದೇನೆ ಅಂದುಕೊಳ್ಳುತ್ತೇನೆ.

ಮೂರು ವರ್ಷದ ಹಿಂದಿನ ಮಾತು. ಪೂರ್ತಿ ಹುಡುಗ ಹುಡುಗಿಯರೇ ನಡೆಸುವ ಒಂದು ಸಂಘದವರು ಅರ್ಜಿ ತಂದರು. ಮೊದಲ ಪುಟ ಪೂರ್ತಿ ಇತಿಹಾಸ. ಕೇಂಬ್ರಿಡ್ಜ್ ಯೂನಿಯನ್ ಅನ್ನುವ ಚರ್ಚಾ ಸಂಘ 1815ರಲ್ಲಿ ಶುರುವಾಯಿತು, ಆಕ್ಸ್‌ಫರ್ಡ್ ಯೂನಿಯನ್ 1823ರಲ್ಲಿ, ಅಲ್ಲಿ ಯಾರನ್ನು ಕರೆಸಬೇಕು ಅಂತ ತೀರ್ಮಾನ ಮಾಡುವವರು ವಿದ್ಯಾರ್ಥಿಗಳೇ, ನಮ್ಮಲ್ಲೂ ಎ.ಆರ್. ಕೃಷ್ಣಶಾಸ್ತ್ರಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕರ್ನಾಟಕ ಸಂಘ ಕಟ್ಟಿದ್ದರು ಅಂತೆಲ್ಲ ಚೆನ್ನಾಗಿಯೇ ಬರೆದಿದ್ದರು. ಎರಡನೇ ಪುಟದಲ್ಲಿ ಅತಿಥಿಯ ಪರಿಚಯ. ಹಾವೇರಿ ಕಡೆಯ ರೈತರು, ನಾಟಿ ಜೋಳ, ಸಾವೆ, ನವಣೆ ಬೀಜ ಉಳಿಸಿಕೊಂಡು ಬಂದವರು. ದುಡ್ಡಿನ ಬಗ್ಗೆ ಕೊನೆಯಲ್ಲಿ ಒಂದೇ ಸಾಲು: ‘ನಿಯಮಾನುಸಾರ ಭರಿಸುವುದು’. ಆ ಸಾಲು ಹೇಳಿಕೊಟ್ಟವನು ನಾನೇ.

ಕಾರ್ಯಕ್ರಮ ಭರ್ಜರಿಯಾಗಿ ನಡೆಯಿತು. ರಾತ್ರಿ ಬಸ್ಸಿಗೆ ಬಂದ ಹಿರಿಯರು ಭಾಷಣ ಅಂತ ಏನೂ ಮಾಡಲಿಲ್ಲ. ಬಟ್ಟೆ ಗಂಟು ಬಿಚ್ಚಿ ಬೀಜಗಳನ್ನು ಟೇಬಲ್ ಮೇಲೆ ಸಣ್ಣ ಸಣ್ಣ ಗುಪ್ಪೆ ಮಾಡಿದರು, ಒಂದೊಂದನ್ನೂ ಅಂಗೈಯಲ್ಲಿ ಹಿಡಿದು ಇದು ಯಾರ ಹೊಲದ್ದು, ಯಾವ ಮಳೆಗೆ ಬಿತ್ತಬೇಕು ಅಂತ ಹೇಳುತ್ತಾ ಹೋದರು. ಊಟದ ಹೊತ್ತು ಮೀರಿದರೂ ಯಾರೂ ಏಳಲಿಲ್ಲ. ಹಾಸ್ಟೆಲ್ ಹುಡುಗರು ಊಟ ಬಿಟ್ಟು ಕೂರುವುದು ಸಾಮಾನ್ಯ ವಿಷಯ ಅಲ್ಲ.

ಹೊರಡುವಾಗ ನಾನು ಟಿಕೆಟ್ ಕೇಳಿದೆ. ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು ಕೊಟ್ಟರು. ಫೈಲಿಗೆ ಪಿನ್ ಹೊಡೆದೆ.

ಅಲ್ಲಿಂದ ಶುರು. ಹಣಕಾಸು ವಿಭಾಗದಿಂದ ಮೊದಲ ಆಬ್ಜೆಕ್ಷನ್: ಪೂರ್ವಾನುಮತಿ ಇಲ್ಲ. ನಿಜ, ಕಾರ್ಯಕ್ರಮದ ತಾರೀಖು ಹತ್ತಿರ ಇತ್ತು, ಆಮೇಲೆ ನೋಡಿಕೊಳ್ಳೋಣ ಅಂತ ನಾನೇ ಬಿಟ್ಟಿದ್ದೆ. ಘಟನೋತ್ತರ ಮಂಜೂರಾತಿಗೆ ಟಿಪ್ಪಣಿ ಬರೆದು ಪುಟ್ ಅಪ್ ಮಾಡಿದೆ. ಒಂದೂವರೆ ತಿಂಗಳು ಹೋಯಿತು. ಆಮೇಲೆ ದುಡ್ಡು ಹಾಕಿದರೆ ವಾಪಸ್ ಬಂತು, ಯಾಕೆಂದರೆ ಅವರ ಬ್ಯಾಂಕು ಇನ್ನೊಂದರಲ್ಲಿ ವಿಲೀನವಾಗಿ ಶಾಖೆಯ ಐಎಫ್‌ಎಸ್‌ಸಿ ಕೋಡ್ ಬದಲಾಗಿತ್ತು, ಪಾಸ್‌ಬುಕ್ ಮಾತ್ರ ಹಳೆಯದು. ಅದು ಸರಿಯಾಗುವಷ್ಟರಲ್ಲಿ ಇನ್ನೊಂದು ಆಬ್ಜೆಕ್ಷನ್ ಬಂತು: ‘ಪ್ರಯಾಣದ ಟಿಕೆಟ್ ಲಗತ್ತಿಸಿರುವುದಿಲ್ಲ’. ಸಿಟ್ಟಿನಿಂದ ಫೈಲ್ ತೆಗೆದು ನೋಡುತ್ತೇನೆ, ಪಿನ್ನಿನ ಕೆಳಗೆ ಬಿಳಿ ಚೀಟಿ. ಕಂಡಕ್ಟರ್ ಮೆಷಿನ್ನಿನದು ಥರ್ಮಲ್ ಪೇಪರ್, ಇಂಕೇ ಇಲ್ಲ, ಬಿಸಿಗೆ ಕಪ್ಪಾಗುವ ಕಾಗದ. ಕೆಲವು ತಿಂಗಳಿಗೆ ಅಕ್ಷರ ಮಾಸಿ ಹೋಗಿತ್ತು. ಕಿಟಕಿ ಹತ್ತಿರ ಹಿಡಿದು ವಾರೆ ಮಾಡಿದರೆ ದರದ ಒಂದು ಅಂಕಿ ಮಾತ್ರ ಕಂಡಂತಾಗುತ್ತಿತ್ತು.

ಆ ವಾರವೇ ಆ ಹಿರಿಯರ ಫೋನ್ ಬಂತು. ನಂಬರ್ ನೋಡಿದವನೇ ಬಿಲ್ಲಿನ ಕಥೆ ಶುರು ಮಾಡಿದೆ, ಆಬ್ಜೆಕ್ಷನ್ನು, ಟಿಪ್ಪಣಿ, ಎಲ್ಲಾ. ಅವರು ಪೂರ್ತಿ ಕೇಳಿಸಿಕೊಂಡು, ‘ರೊಕ್ಕದ್ದು ಇರ್ಲಿ ಬಿಡ್ರಿ ಸರ, ಬಂದಾಗ ಬರ್ತೈತಿ. ಅವತ್ತು ನವಣಿ ಬೀಜ ಒಯ್ದಿದ್ನಲ್ರಿ ಒಬ್ಬ ಹುಡುಗ, ಬಿತ್ತ್ಯಾನೇನ್ರಿ?’ ಅಂದರು.

ಏನು ಹೇಳಲಿ?

ಅವತ್ತು ಸಂಜೆ ಹಳೇ ವೋಚರ್‌ಗಳನ್ನು ಸುಮ್ನೆ ತಿರುವಿದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಫ್ಲೆಕ್ಸು, ಪ್ರತಿಯೊಂದರ ದುಡ್ಡೂ ಕಾರ್ಯಕ್ರಮದ ದಿನವೇ ಕೈಗೆ ಕೈ ಸಂದಾಯ ಆಗಿತ್ತು. ಹಾರದ ಅಂಗಡಿಯವನು ಸಾಲ ಕೊಡುವುದಿಲ್ಲ ಅಲ್ವಾ. ಹಾರ ಹಾಕಿಸಿಕೊಂಡವರು ಮಾತ್ರ ಐದು ತಿಂಗಳು ಕಾಯಬೇಕು.

ಈಗ ನಾನು ಹುಡುಗರಿಗೆ ಮೊದಲೇ ಹೇಳಿಬಿಡುತ್ತೇನೆ, ಆಹ್ವಾನ ಪತ್ರಿಕೆ ಅಚ್ಚಿಗೆ ಕೊಡುವ ಮುಂಚೆ ಮಂಜೂರಾತಿ ಆದೇಶ ನನ್ನ ಕೈಯಲ್ಲಿರಬೇಕು, ಸಂಘದ ಸಲಹೆಗಾರ ಮೇಷ್ಟ್ರ ಹೆಸರಿನಲ್ಲಿ ಮುಂಗಡ ತೆಗೆಯೋಣ, ಪ್ರಯಾಣದ ದುಡ್ಡು ಅತಿಥಿ ಹೊರಡುವ ಮೊದಲು ಕವರಿನಲ್ಲಿ ಕೊಡೋಣ. ಕೆಲವು ಮೇಷ್ಟ್ರು ಒಪ್ಪುವುದಿಲ್ಲ, ಮುಂಗಡ ತೆಗೆದರೆ ಲೆಕ್ಕ ಕೊಡುವ ತಲೆನೋವು ಅವರದ್ದು. ಆಗ ನಾನೇ ಹೋಗಿ ಕೂತು ಲೆಕ್ಕ ಬರೆದುಕೊಡುತ್ತೇನೆ. ಟಿಕೆಟ್ ಅಂತೂ ಅದೇ ದಿನ ಜೆರಾಕ್ಸ್ ಆಗಬೇಕು, ಮೂಲ ಪ್ರತಿ ಬಿಳಿಯಾದರೂ ಪರವಾಗಿಲ್ಲ. ರೆವೆನ್ಯೂ ಸ್ಟ್ಯಾಂಪಿಗಂತೂ ಹುಡುಗರನ್ನು ಪೋಸ್ಟಾಫೀಸಿಗೆ ಓಡಿಸುವುದು ಬಿಟ್ಟಿದ್ದೇನೆ. ರಸೀದಿಗೆ ಸ್ಟ್ಯಾಂಪ್ ಬೇಕಾಗುವ ಮಿತಿ 500 ರೂಪಾಯಿಯಿಂದ 5,000ಕ್ಕೆ ಏರಿದ್ದು 2004ರಲ್ಲಿ, ನಮ್ಮ ಸೆಕ್ಷನ್ನಿಗೆ ಆ ಸುದ್ದಿ ಇನ್ನೂ ಪೂರ್ತಿ ಮುಟ್ಟಿಲ್ಲ.

ಅವರ ದುಡ್ಡು ಕೊನೆಗೂ ಹೋಯಿತು. ಟಿಕೆಟ್ ಬದಲು ಆ ಮಾರ್ಗದ ದರದ ಪ್ರಮಾಣಪತ್ರ ಹಚ್ಚಿ ಸಹಿ ಮಾಡಿಸಿದೆ.

ಕಳೆದ ವಾರ ಅದೇ ಸಂಘದ ಹೊಸ ಕಾರ್ಯದರ್ಶಿ ಬಂದಿದ್ದಳು. ಅರ್ಜಿ ಅರ್ಧ ಪುಟ. ಮೇಲೆಯೇ ಅತಿಥಿಯ ಪಾಸ್‌ಬುಕ್ ಜೆರಾಕ್ಸು, ಐಎಫ್‌ಎಸ್‌ಸಿ ಪಕ್ಕದಲ್ಲಿ ಪೆನ್ಸಿಲ್ಲಿನ ಟಿಕ್ ಮಾರ್ಕು. ‘ಬ್ಯಾಂಕಿಗೇ ಫೋನ್ ಮಾಡಿ ಕೇಳಿದ್ವಿ ಸರ್’ ಅಂದಳು. ತಾರೀಖು ಹಾಕುವುದೊಂದು ಮರೆತಿದ್ದಳು. ಪೆನ್ನು ಕೊಟ್ಟೆ.