16 ಪಿಕ್ಸೆಲ್‌ನ ಅಡಿಕೆ ಚೀಲ

ಶಿವಮೊಗ್ಗದ ಅಡಿಕೆ ಮಂಡಿಯೊಂದಕ್ಕೆ ಲೆಕ್ಕಪತ್ರದ ತಂತ್ರಾಂಶ ಬರೆದುಕೊಡುತ್ತಿದ್ದೆ. ಆವಕ, ತೂಕ, ಮುಂಗಡ, ಮಾರಾಟದ ಪಟ್ಟಿ, ರವಾನೆ ಎಲ್ಲವೂ ಸರಿಯಾಗಿ ಕೆಲಸ ಮಾಡುತ್ತಿದ್ದವು. ಉಳಿದದ್ದು ಪರದೆಯ ಮೇಲ್ತುದಿಯ ಟೂಲ್‌ಬಾರ್. ಅಲ್ಲಿ ಗುಂಡಿಗಳಿದ್ದವು, ಗುಂಡಿಗಳ ಮೇಲೆ ಚಿತ್ರಗಳಿರಲಿಲ್ಲ. ಇಂಥ ಕೆಲಸವನ್ನು ಕೊನೆಯ ದಿನಕ್ಕೆ ತಳ್ಳಿ, ಕೈಗೆ ಸಿಕ್ಕಿದ ಚಿತ್ರ ಅಂಟಿಸಿ ಮುಗಿಸುವವರೇ ಹೆಚ್ಚು. ನನಗೆ ಅದು ಒಪ್ಪುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಆ ಪರದೆಯ ಮುಂದೆ ಕೂರುವ ಗುಮಾಸ್ತರ ಕಣ್ಣು ಮತ್ತೆ ಮತ್ತೆ ಹೋಗುವುದು ಆ ಸಾಲಿನ ಕಡೆಗೇ.

ಸಿದ್ಧ ಐಕಾನ್‌ಗಳಿಗೇನೂ ಬರವಿಲ್ಲ. ಮಾರ್ಕ್ ಜೇಮ್ಸ್ ಬಿಡಿಸಿದ ಸಿಲ್ಕ್ ಸಂಗ್ರಹದಲ್ಲೇ 1000 ಐಕಾನ್‌ಗಳಿವೆ. ಬಳಸಿದರೆ ಅವರ ಹೆಸರು ಹೇಳಬೇಕು, ಅಷ್ಟೇ. 2005ರಲ್ಲಿ ಶುರುವಾದ ಟ್ಯಾಂಗೊ ಯೋಜನೆಯ ಐಕಾನ್‌ಗಳಿಗೆ ಈಗ ಆ ಷರತ್ತೂ ಇಲ್ಲ, ಅವು ಸಾರ್ವಜನಿಕ ಸ್ವತ್ತು. ನಾನು ಟ್ಯಾಂಗೊವನ್ನೇ ಆರಿಸಿದೆ. ಅದಕ್ಕೆ ಮುಖ್ಯ ಕಾರಣ ಅದರ ಬಣ್ಣಗಳ ಪಟ್ಟಿ. ಯಾವ ಬಣ್ಣ ಎಷ್ಟು ಗಾಢ, ಹೊರಗೆರೆ ಎಷ್ಟು ದಪ್ಪ ಎಂಬುದನ್ನೆಲ್ಲ ಅದು ಬರೆದಿಟ್ಟಿದೆ. ಹಾಗಾಗಿ ಅದರ ಪಕ್ಕದಲ್ಲಿ ನಾನು ಬಿಡಿಸಿದ ಚಿತ್ರ ಇಟ್ಟರೂ ಒಂದೇ ಮನೆಯದು ಎನಿಸುತ್ತದೆ. ಒಂದು ಸಂಗ್ರಹದಿಂದ ಮುದ್ರಕ, ಇನ್ನೊಂದರಿಂದ ಕಡತ ಎಂದು ಆರಿಸಿ ತಂದರೆ ಒಂದರಲ್ಲಿ ನೆರಳಿರುತ್ತದೆ, ಇನ್ನೊಂದರಲ್ಲಿ ಬರೀ ಗೆರೆ ಇರುತ್ತದೆ. ಇಡೀ ಸಾಲು ಕಣ್ಣಿಗೆ ಚುಚ್ಚುತ್ತದೆ.

ಕಡತ ಉಳಿಸುವ (ಸೇವ್) ಗುಂಡಿಗೆ, ಹಿಂದೆ ಕಡತಗಳನ್ನು ತುಂಬಿಡುತ್ತಿದ್ದ ಚೌಕದ ಫ್ಲಾಪಿಯನ್ನೇ ಇಟ್ಟೆ. ಸೋನಿ ಕಂಪನಿ ಫ್ಲಾಪಿ ಮಾರುವುದನ್ನು ನಿಲ್ಲಿಸಿದ್ದೇ 2011ರಲ್ಲಿ, ನಿಜ. ಆದರೂ ಗುಮಾಸ್ತರ ಕೈ ಆ ಚೌಕಕ್ಕೆ ತಾನಾಗಿಯೇ ಹೋಗುತ್ತದೆ. ಅಂಥದ್ದನ್ನು ಮುಟ್ಟಬಾರದು.

ತೊಂದರೆ ಇದ್ದದ್ದು ಮಂಡಿಯವೇ ಆದ ಗುಂಡಿಗಳಲ್ಲಿ. ಅದಕ್ಕಾಗಿಯೇ ಒಂದು ದಿನ ಲ್ಯಾಪ್‌ಟಾಪ್ ಹಿಡಿದು ಮಂಡಿಗೆ ಹೋಗಿ, ಗುಮಾಸ್ತರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡೆ. ಅವರ ಮಾನಿಟರ್ ಹಳೆಯದು, ಅಂಚಿನಲ್ಲೆಲ್ಲ ಅಡಿಕೆ ಧೂಳು. ಅವರಿಗೂ ಪರದೆಗೂ ನಡುವೆ ದೊಡ್ಡ ಖಾತೆ ಪುಸ್ತಕ ತೆರೆದಿರುವುದರಿಂದ ಕಣ್ಣಿಗೂ ಪರದೆಗೂ ಒಂದು ತೋಳಿನ ಅಂತರ. ಐಕಾನ್‌ಗಳನ್ನು ಪರೀಕ್ಷಿಸಬೇಕಾದದ್ದು ಅಷ್ಟು ದೂರದಿಂದ. ಹೆಸರುಗಳನ್ನು ಮರೆಮಾಡಿ ಚಿತ್ರಗಳನ್ನಷ್ಟೇ ತೋರಿಸಿ, "ರಾಯರೇ, ಇದು ಯಾವುದರ ಗುಂಡಿ ಇರಬಹುದು?" ಎಂದು ಒಂದೊಂದನ್ನಾಗಿ ಕೇಳಿದೆ.

ಸಿದ್ಧ ಸಂಗ್ರಹದ ಚೀಲ ನೋಡಿದ ಕೂಡಲೇ ಅವರೆಂದರು: "ಇದು ದುಡ್ಡಿನ ಗಂಟು ಮಾರಾಯರೇ. ಸಾಲದ್ದೋ ಮುಂಗಡದ್ದೋ ಇರಬೇಕು."

ಅವರು ಹೇಳಿದ್ದು ಸರಿ. ಹೊರದೇಶದ ಸಂಗ್ರಹಗಳಲ್ಲಿ ಚೀಲವೆಂದರೆ ಕತ್ತು ಬಿಗಿದು ಕಟ್ಟಿದ ಗುಂಡನೆಯ ಗಂಟು, ಬಹಳ ಸಲ ಹೊಟ್ಟೆಯ ಮೇಲೊಂದು ಡಾಲರ್ ಗುರುತು. ಹೊರಗೆ ಗೋದಾಮಿನಲ್ಲಿ ಪೇರಿಸಿದ್ದ ಗೋಣಿಚೀಲಗಳೇ ಬೇರೆ. ಬಾಯಿಯನ್ನು ದಬ್ಬಣದಲ್ಲಿ ನೇರವಾಗಿ ಹೊಲಿದಿರುತ್ತಾರೆ, ಎರಡು ಮೂಲೆಗಳಲ್ಲಿ ಕಿವಿಗಳು ನಿಂತಿರುತ್ತವೆ. ಹಮಾಲರು ಚೀಲ ಎತ್ತುವಾಗ ಹಿಡಿಯುವುದು ಆ ಕಿವಿಗಳನ್ನೇ. ಚೀಲದ ಗುರುತೆಲ್ಲ ಆ ಕಿವಿಗಳಲ್ಲೇ ಇದೆ ಎಂದು ಅಲ್ಲಿಯೇ ನಿಶ್ಚಯಿಸಿದೆ.

1984ರ ಮ್ಯಾಕಿಂತಾಷ್ ಗಣಕಕ್ಕಾಗಿ ಸೂಸನ್ ಕೇರ್ ಗ್ರಾಫ್ ಕಾಗದದ ಚೌಕಗಳನ್ನು ತುಂಬುತ್ತಾ ಐಕಾನ್ ಬಿಡಿಸಿದ್ದರು. ಆಕೆಗೆ ಅಡ್ಡಕ್ಕೂ ಉದ್ದಕ್ಕೂ 32 ಚೌಕಗಳಿದ್ದವು, ನನಗಿದ್ದದ್ದು 16. ಕಾಗದದ ಒಂದು ಚೌಕವೆಂದರೆ ಪರದೆಯ ಒಂದು ಪಿಕ್ಸೆಲ್, ಅಂದರೆ ಒಂದು ಚುಕ್ಕೆ. ಒಟ್ಟು 256 ಚೌಕಗಳಲ್ಲಿ ಚೀಲ, ಕಿವಿ, ಒಳಬಂತು ಎಂದು ತಿಳಿಸುವ ಬಾಣ ಎಲ್ಲವೂ ಹಿಡಿಸಬೇಕು. ಶಾಲಾ ಮಕ್ಕಳ ಗ್ರಾಫ್ ಪುಸ್ತಕದಲ್ಲಿ ಪೆನ್ಸಿಲ್ ಹಿಡಿದು ಕಿವಿಗೆ ಎರಡೆರಡು ಚೌಕ ಕೊಟ್ಟೆ, ಹೊಟ್ಟೆಯನ್ನು ಕೆಳಗೆ ತುಸು ಅಗಲಿಸಿದೆ. ಟ್ಯಾಂಗೊ ಪಟ್ಟಿಯಲ್ಲಿ ಚಾಕೊಲೇಟ್ ಎಂಬ ಹೆಸರಿನ ಮೂರು ಕಂದು ಛಾಯೆಗಳಿವೆ. ಗೋಣಿಗೆ ಹೇಳಿ ಮಾಡಿಸಿದಂತಿವೆ. ಆಮೇಲೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಗೆರೆ ಎಳೆದೆ. ಅಲ್ಲಿ ಒಂದು ಸೂಕ್ಷ್ಮವಿದೆ: 1 ಪಿಕ್ಸೆಲ್ ದಪ್ಪದ ಗೆರೆಯ ನಡುಮಧ್ಯ ಎರಡು ಚೌಕಗಳ ಗಡಿಯ ಮೇಲೆ ಬಿದ್ದರೆ ಬಣ್ಣ ಎರಡೂ ಕಡೆ ಅರ್ಧರ್ಧ ಹರಡಿ ಮಸುಕಾಗುತ್ತದೆ. ಅರ್ಧ ಪಿಕ್ಸೆಲ್ ಸರಿಸಿದರೆ ಗೆರೆ ಖಡಾಖಂಡಿತವಾಗಿ ನಿಲ್ಲುತ್ತದೆ. ಈ ಅರ್ಧ ಪಿಕ್ಸೆಲ್ ಸರಿಪಡಿಸುವುದರಲ್ಲಿ ನನಗೆ ಸಿಗುವ ಸಂತೋಷ ಬೇರೆ ಯಾವುದರಲ್ಲೂ ಸಿಗುವುದಿಲ್ಲ.

ಮತ್ತೆ ತೋರಿಸಿದಾಗ ರಾಯರು ಕನ್ನಡಕ ಸರಿಪಡಿಸಿಕೊಳ್ಳದೆಯೇ "ಆವಕ" ಎಂದರು.

ರವಾನೆಗೆ ಅದೇ ಚೀಲವನ್ನಿಟ್ಟು ಬಾಣವನ್ನು ತಿರುಗಿಸಿ, ಹಸಿರಿನ ಬದಲು ಕೆಂಪು ಹಚ್ಚುವುದು ಸುಲಭದ ದಾರಿ. ಎಷ್ಟೋ ತಂತ್ರಾಂಶಗಳು ಹಾಗೆಯೇ ಮಾಡುತ್ತವೆ. ಆದರೆ ಕೆಂಪು, ಹಸಿರುಗಳ ವ್ಯತ್ಯಾಸ ಕಾಣದ ಗಂಡಸರು ಕಡಿಮೆಯಿಲ್ಲ, ಮೂಲೆಯ ಬಾಣವಂತೂ ತೋಳಿನ ದೂರದಿಂದ ಚುಕ್ಕೆಯಷ್ಟೇ. "ರವಾನೆ ಎಂದರೆ ಲಾರಿ ತಾನೇ, ಲಾರಿಯನ್ನೇ ಹಾಕಿ" ಎಂದು ರಾಯರೇ ದಾರಿ ತೋರಿಸಿದರು. ಚೀಲ ಎತ್ತರಕ್ಕೆ ನಿಂತಿತು, ಲಾರಿ ಅಡ್ಡಕ್ಕೆ ಮಲಗಿತು. ಗುಂಡಿ ನಿಷ್ಕ್ರಿಯವಾಗಿ ಬೂದು ಬಣ್ಣಕ್ಕೆ ತಿರುಗಿದಾಗಲೂ ಆಕಾರದಿಂದಲೇ ಬೇರೆ ಬೇರೆ ಎಂದು ಗೊತ್ತಾಗುತ್ತಿತ್ತು.

ತೂಕಕ್ಕೆ ಎರಡು ತಟ್ಟೆಯ ತಕ್ಕಡಿ ಒಗ್ಗಲಿಲ್ಲ. ಅದರ ಹಗ್ಗಗಳು ಇಷ್ಟು ಚಿಕ್ಕ ಅಳತೆಯಲ್ಲಿ ಮಾಯವಾಗುತ್ತವೆ; ಮೇಲಾಗಿ ಅದನ್ನು ಕಂಡರೆ ನ್ಯಾಯಾಲಯದ ನೆನಪಾಗುತ್ತದೆ. ಚೀಲ ಇಡುವ ಹಲಗೆ, ಹಿಂದೊಂದು ಕಂಬ, ತುದಿಯಲ್ಲಿ ಅಂಕಿ ಕಾಣುವ ಡಬ್ಬಿ ಬಿಡಿಸಿದೆ. ಮುಂಗಡಕ್ಕೆ 2010ರಲ್ಲಿ ಬಂದ ರೂಪಾಯಿ ಚಿಹ್ನೆ ಇತ್ತು. ಒಂದು ಗೆರೆ, ಒಂದು ಖಾಲಿ ಸಾಲು, ಇನ್ನೊಂದು ಗೆರೆ. ಉದಯ ಕುಮಾರ್ ರೂಪಿಸಿದ ಆ ಆಕೃತಿ ಪಿಕ್ಸೆಲ್‌ಗಳಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ ನನಗೆ ಕೆಲಸವೇ ಉಳಿಯಲಿಲ್ಲ.

ಮಧ್ಯಾಹ್ನ ಮಾಲೀಕರ ಹೊಸ ಲ್ಯಾಪ್‌ಟಾಪ್‌ನಲ್ಲಿ ನೋಡಿದೆವು. ಅದರಲ್ಲಿ ಎಲ್ಲವೂ ಶೇಕಡ 150ರಷ್ಟು ದೊಡ್ಡದಾಗಿ ಕಾಣುವಂತೆ ಹೊಂದಿಸಿದ್ದರು, ಅಂದರೆ 16ರ ಜಾಗದಲ್ಲಿ 24 ಪಿಕ್ಸೆಲ್. ಚಿಕ್ಕದನ್ನೇ ಹಿಗ್ಗಿಸಿದರೆ ಒಂದು ಪಿಕ್ಸೆಲ್ ಒಂದೂವರೆಯಾಗಬೇಕು, ಅದು ಆಗದ ಮಾತು, ಅಂಚೆಲ್ಲ ಕಲಸಿಹೋಗುತ್ತದೆ. ಹಾಗಾಗಿ 24ಕ್ಕೆ ಬೇರೆಯೇ ಬಿಡಿಸಿದೆ. ಅಲ್ಲಿ ಜಾಗವಿದ್ದುದರಿಂದ ಚೀಲದ ಬಾಯಿಗೆ ದಬ್ಬಣದ ಹೊಲಿಗೆಯನ್ನೂ ಹಾಕಿದೆ.

ರಾಯರು ಬಂದು ಬಗ್ಗಿ ನೋಡಿದರು. "ಯಜಮಾನರ ಚೀಲಕ್ಕೆ ಹೊಲಿಗೆ ಇದೆ, ನನ್ನದಕ್ಕಿಲ್ಲವಲ್ಲ" ಎಂದರು. ಅವರ ಪರದೆಯ ಅಗಲ 1366 ಪಿಕ್ಸೆಲ್, ಎಲ್ಲ ಗುಂಡಿಗಳನ್ನೂ 24ಕ್ಕೆ ಹಿಗ್ಗಿಸಿದರೆ ಸಾಲು ಹಿಡಿಸುವಂತಿರಲಿಲ್ಲ. ಅವರು ಎಂದೂ ಒತ್ತದ ಗುಂಡಿಗಳು ಯಾವುವೆಂದು ಕೇಳಿ, ಅವನ್ನೆಲ್ಲ ಮೆನುವಿಗೆ ಕಳುಹಿಸಿದೆ. ಉಳಿದ ಜಾಗದಲ್ಲಿ 24ರ ಐಕಾನ್‌ಗಳು, ಕೆಳಗೆ ಕನ್ನಡದ ಹೆಸರುಗಳು ಆರಾಮವಾಗಿ ಕೂತವು. ಮಂಡಿಯ ಎಲ್ಲ ಗಣಕಗಳಿಗೂ ಅದೇ ಅಳತೆಯನ್ನು ಖಾಯಂ ಮಾಡಿದೆ.