ಒಗ್ಗರಣೆ, ಮಿರ್ಚಿ ಮತ್ತು ಮೀಸಲಾತಿ

ಬೆಳಿಗ್ಗೆ ಬಳ್ಳಾರಿಯಲ್ಲಿ ಒಗ್ಗರಣೆ-ಮಿರ್ಚಿ ಕಟ್ಟಿಸಿಕೊಳ್ಳೋಕೆ ನಿಂತಿದ್ದೆ. ಪಕ್ಕದಲ್ಲಿ ಇಬ್ಬರು ಹಿರಿಯರದು ಮಹಿಳಾ ಮೀಸಲಾತಿ ಬಗ್ಗೆ ಜೋರು ವಾದ. "ಸೀಟು ಹೆಣ್ಣಿಗೆ ಕೊಟ್ರೂ ನಡೆಸೋದು ಗಂಡನೇ ಬಿಡ್ರೀ" ಅಂದರು ಒಬ್ಬರು.

ನಗು ಬಂತು. 1999ರಲ್ಲಿ ಇದೇ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರುಬದುರು ನಿಂತಿದ್ದರು ಅಲ್ವಾ? ಸುಷ್ಮಾ ಕನ್ನಡ ಕಲಿತು ಭಾಷಣ ಮಾಡಿದ್ದನ್ನು ಅಮ್ಮ ಈಗಲೂ ಹೇಳುತ್ತಾಳೆ. ಎರಡು ಕಡೆ ನಿಂತು ಗೆದ್ದ ಸೋನಿಯಾ ಉತ್ತರ ಪ್ರದೇಶದ ಅಮೇಠಿ ಇಟ್ಟುಕೊಂಡು ನಮ್ಮನ್ನು ಬಿಟ್ಟರು, ಅದು ಬೇರೆ ಬೇಜಾರು.

ಆದರೆ ನಡೆಸೋದು ಗಂಡನೇ ಅನ್ನೋ ಮಾತು ಪೂರ್ತಿ ಸುಳ್ಳೂ ಅಲ್ಲ. ಚಿಕ್ಕಮ್ಮ ಪಂಚಾಯ್ತಿ ಮೆಂಬರ್ ಆದಾಗ ಮೊದಲ ವರ್ಷ ಸಭೆಗೆ ಹೋಗುತ್ತಿದ್ದದ್ದು ಚಿಕ್ಕಪ್ಪನೇ. ಬೇಸಿಗೆಯಲ್ಲಿ ಓಣಿಯ ಬೋರಿನ ಮೋಟರ್ ಸುಟ್ಟಿತು. ಚಿಕ್ಕಮ್ಮ ಖಾಲಿ ಕೊಡ ತಗೊಂಡು ಪಂಚಾಯ್ತಿಗೆ ಹೋಗಿ ಕೂತವಳು, ರಿಪೇರಿ ಆಗೋತನಕ ಏಳಲಿಲ್ಲ. ಆಮೇಲೆ ಚಿಕ್ಕಪ್ಪನ ಕೆಲಸ ಬೈಕಲ್ಲಿ ಬಿಟ್ಟು ಬರೋದಷ್ಟೇ.

ಲೋಕಸಭೆಯಲ್ಲಿ ಮೂರನೇ ಒಂದು ಪಾಲು ಕೊಡೋ ಮಸೂದೆಯನ್ನು ದೇವೇಗೌಡರ ಸರ್ಕಾರ 1996ರಲ್ಲೇ ತಂದಿತ್ತು. ಅಂಥದ್ದೊಂದು ಪಾಸಾಗೋಕೆ 2023 ಬರಬೇಕಾಯಿತು. ಅದಕ್ಕೂ ಜನಗಣತಿ, ಕ್ಷೇತ್ರ ಮರುವಿಂಗಡಣೆ ಆಗಲಿ ಅನ್ನೋ ಷರತ್ತು ಹಾಕಿದರು. 2024ರಲ್ಲಿ 543 ಸೀಟಿಗೆ ಗೆದ್ದ ಹೆಣ್ಣುಮಕ್ಕಳು 74.

ಇದನ್ನೆಲ್ಲ ಆ ಹಿರಿಯರಿಗೆ ಹೇಳೋಣ ಅನ್ನೋಷ್ಟರಲ್ಲಿ ಬಿಸಿ ಮಿರ್ಚಿ ಬಂತು. ಸುಮ್ನೆ ತಗೊಂಡು ಬಂದೆ.